ನರನೋವು: ಪ್ರಯೋಗಾಲಯದಿಂದ ರೋಗಿಯ ಪಾದದವರೆಗೆ

ದಕ್ಷಿಣಕಾಶಿಯೆಂದು ಹೆಸರಾದ ನಂಜನಗೂಡಿನಲ್ಲಿ, ಕಪಿಲೆಯ ದಡದಲ್ಲಿ ನೆಲೆಸಿರುವ ಶ್ರೀಕಂಠೇಶ್ವರನನ್ನು ಜನರು ರೋಗರುಜಿನಗಳನ್ನು ಕಳೆಯುವ ದೈವವೆಂದು ತಲೆತಲಾಂತರಗಳಿಂದ ನಂಬಿ ಬಂದಿದ್ದಾರೆ. ಪಟ್ಟದಾನೆಯ ಕಣ್ಣಿನ ಬೇನೆ ಇಲ್ಲಿ ಸಲ್ಲಿಸಿದ ಪ್ರಾರ್ಥನೆಯಿಂದ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಈ ಸ್ವಾಮಿಯನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಪ್ರತೀತಿ ಇಂದಿಗೂ ಜನಜನಿತವಾಗಿದೆ. ಆಯುರ್ವೇದ ವಿದ್ವಾಂಸರಾದ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದೂ ಇದೇ ಊರಿನಲ್ಲಿ. ನಂಬಿಕೆ ಮತ್ತು ವೈದ್ಯ ಜೊತೆಜೊತೆಯಾಗಿ ಸಾಗಿಬಂದಿರುವ ಈ ಸೀಮೆಯ ಭಕ್ತರೊಬ್ಬರ ಅನುಭವದಿಂದಲೇ ಈ ತಿಂಗಳ ಲೇಖನವನ್ನು ಆರಂಭಿಸುತ್ತೇವೆ.

ಅವರು ಟಿ. ನರಸೀಪುರ ತಾಲ್ಲೂಕಿನ ರೈತರು. ವಯಸ್ಸು ಅರವತ್ತು ದಾಟಿದೆ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊದಲ ಬಾರಿ ನಮ್ಮಲ್ಲಿಗೆ ಬಂದಾಗ ಅವರು ಹೇಳಿದ ಮಾತು ನೆನಪಿನಲ್ಲಿ ಉಳಿದಿದೆ: “ರಾತ್ರಿಯಾದ್ರೆ ಅಂಗಾಲಿಗೆ ಖಾರದ ಪುಡಿ ಬಳಿದಂಗೆ ಉರೀತದೆ ಸ್ವಾಮಿ. ಹೊದ್ಕೊಂಡ ದುಪ್ಪಟಿ ತಾಕಿದ್ರೂ ತಡ್ಕಳಕಾಗಲ್ಲ.” ಅದಕ್ಕೂ ಮೊದಲು ಅವರು ಸಿಕ್ಕಸಿಕ್ಕಲ್ಲಿ ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು, ಗುಣ ಕಂಡಿರಲಿಲ್ಲ. ನಾವು ಬರೆದುಕೊಟ್ಟ ಔಷಧವನ್ನು ಎರಡು ತಿಂಗಳು ಸೇವಿಸಿ ಬಿಟ್ಟರು. ಆಮೇಲೆ ಒಂದೂವರೆ ವರ್ಷ ಅವರ ಸುಳಿವಿರಲಿಲ್ಲ. ಉರಿ ತಾನಾಗಿಯೇ ಇಳಿದುಹೋಗಿತ್ತು. ಕಾಯಿಲೆ ವಾಸಿಯಾಯಿತೆಂದು ಮನೆಯವರೆಲ್ಲರೂ ಸಂತೋಷಪಟ್ಟಿದ್ದರು.

ಮುಂದಿನ ಬೇಸಿಗೆಯ ಜಾತ್ರೆಯೊಂದರಲ್ಲಿ ಅವರು ಮಧ್ಯಾಹ್ನದ ಬಿಸಿಲಿನಲ್ಲಿ ಬರಿಗಾಲಿನಲ್ಲಿಯೇ ಪ್ರದಕ್ಷಿಣೆ ಮಾಡಿದರು. ಕಾದ ಕಲ್ಲಿನ ಮೇಲೆ ಉಳಿದವರು ಓಡೋಡಿ ನೆರಳು ಸೇರುತ್ತಿದ್ದರೆ ಇವರು ನಿಧಾನವಾಗಿ ನಡೆದರು. ಮನೆಗೆ ಬಂದ ಮೇಲೆ ಚಾಪೆಯ ಮೇಲೆ ರಕ್ತದ ಕಲೆಯನ್ನು ಕಂಡ ಮಗ ಪಾದವನ್ನು ಎತ್ತಿ ನೋಡಿದಾಗ ಎರಡು ಅಂಗಾಲುಗಳಲ್ಲಿಯೂ ಬೊಬ್ಬೆ ಎದ್ದು ಒಡೆದಿದ್ದವು. ಅವರಿಗೆ ಏನೂ ತಿಳಿದಿರಲಿಲ್ಲ. ಹತ್ತು ದಿನ ಅರಿಶಿನ ಹಚ್ಚಿಕೊಂಡು ಕಾಲ ಕಳೆದರು. ಕೊನೆಗೆ ಬಲಗಾಲಿನ ಒಂದು ಬೆರಳನ್ನು ತೆಗೆಯಬೇಕಾಯಿತು. ಗಾಯ ಮಾಗುತ್ತಿದ್ದಾಗ ಅವರು ನಮಗೆ ಹೇಳಿದರು: “ಆವತ್ತು ನೋವು ಕಳಿಯಪ್ಪ ಅಂತ ಬೇಡ್ಕಂಡಿದ್ದೆ. ಈಗ ನೋವು ಗೊತ್ತಾಗಂಗೆ ಮಾಡಪ್ಪ ಅಂತ ಬೇಡ್ಕಬೇಕಾಗದೆ.”

ಈ ಲೇಖನದ ಮುಖ್ಯ ಮಾತು ಇಷ್ಟೇ: ನರನೋವಿನಲ್ಲಿ ಉರಿ ನಿಂತಿತೆಂದರೆ ರೋಗ ಗುಣವಾಯಿತೆಂದು ಅರ್ಥವಲ್ಲ, ಉರಿಯನ್ನು ತಿಳಿಸುತ್ತಿದ್ದ ನರವೇ ಸತ್ತಿರಬಹುದು. ಈ ಸತ್ಯವನ್ನು ವಿಜ್ಞಾನವು ಪ್ರಯೋಗಾಲಯದಲ್ಲಿ ಹೇಗೆ ಕಂಡುಕೊಂಡಿತು, ಆ ತಿಳಿವಳಿಕೆಯಲ್ಲಿ ಎಷ್ಟು ಭಾಗ ನಮ್ಮ ರೋಗಿಗಳವರೆಗೆ ತಲುಪಿದೆ, ಉಳಿದುದನ್ನು ತಲುಪಿಸುವಲ್ಲಿ ನಮ್ಮೆಲ್ಲರ ಪಾಲು ಏನು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಗಾಯದ ನೋವು ಬೇರೆ, ನರದ ನೋವು ಬೇರೆ

ಕಾಲಿಗೆ ಮುಳ್ಳು ಚುಚ್ಚಿದಾಗ ಆಗುವ ನೋವು ಕಾವಲುಗಾರನ ಕೂಗಿನಂತೆ. ಅಪಾಯವನ್ನು ತಿಳಿಸಿ, ಮುಳ್ಳು ತೆಗೆದು ಗಾಯ ಮಾಗಿದೊಡನೆ ಅದು ಸುಮ್ಮನಾಗುತ್ತದೆ. ನರನೋವು ಹಾಗಲ್ಲ. ಇಲ್ಲಿ ಸುದ್ದಿಯನ್ನು ಒಯ್ಯುವ ನರವೇ ಕೆಟ್ಟಿರುತ್ತದೆ. ಪಂಪ್‌ಸೆಟ್ಟಿನ ತಂತಿಯ ಮೇಲುಹೊದಿಕೆ ಸುಲಿದಾಗ ಯಾರೂ ಗುಂಡಿ ಒತ್ತದಿದ್ದರೂ ಕಿಡಿ ಹಾರುವಂತೆ, ಹಾನಿಗೊಂಡ ನರವು ಗಾಯವಿಲ್ಲದಿದ್ದರೂ ತಾನಾಗಿಯೇ ಮಿದುಳಿಗೆ ನೋವಿನ ಸಂಕೇತಗಳನ್ನು ಕಳುಹಿಸುತ್ತದೆ. ಉರಿ, ಚುಚ್ಚು, ಇರುವೆ ಹರಿದಂತಹ ಅನುಭವ, ಶಾಕ್ ಹೊಡೆದಂತಹ ಸೆಳೆತ, ಜೋಮು ಇವೆಲ್ಲವೂ ಅದರ ರೂಪಗಳು.

ಇಷ್ಟಲಿಂಗ ಪೂಜೆಗೆ ಬಹಳ ಹೊತ್ತು ಕಾಲು ಮಡಿಸಿ ಕುಳಿತು ಎದ್ದಾಗ ಜೋಮು ಹಿಡಿಯುವುದು ಎಲ್ಲರ ಅನುಭವ. ಅದು ನರದ ಮೇಲೆ ಬಿದ್ದ ಒತ್ತಡದಿಂದ ಆದದ್ದು. ಕೆಲವು ನಿಮಿಷಗಳಲ್ಲಿ ಕಳೆಯುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಎರಡು ಪಾದಗಳಲ್ಲಿಯೂ ಬೆರಳಿನ ತುದಿಯಿಂದ ಆರಂಭವಾಗಿ, ವಾರಗಟ್ಟಲೆ ಉಳಿದು, ರಾತ್ರಿಯ ವೇಳೆ ಹೆಚ್ಚುವ ಜೋಮು ಅಥವಾ ಉರಿಯನ್ನು ಅಲಕ್ಷಿಸಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ನರಗಳು ಹಾನಿಗೊಳ್ಳಲು ಇದೇ ಅತಿ ಸಾಮಾನ್ಯ ಕಾರಣ. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿಯೇ ಇದ್ದರೆ ನರದ ಎಳೆಗಳೂ, ಅವುಗಳಿಗೆ ಆಹಾರ ಒದಗಿಸುವ ಸೂಕ್ಷ್ಮ ರಕ್ತನಾಳಗಳೂ ಕೆಡುತ್ತವೆ. ಸೊಂಟದ ಬಳಿಯಿಂದ ಕಾಲ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದಕ್ಕೆ ಹರಿಯುವ ನರಗಳು ದೇಹದಲ್ಲಿಯೇ ಅತಿ ಉದ್ದವಾದವು. ಆದ್ದರಿಂದ ಅವುಗಳ ತುದಿಯೇ ಮೊದಲು ಸೊರಗುತ್ತದೆ. ಸರ್ಪಸುತ್ತು ಮಾಸಿದ ನಂತರ ಉಳಿಯುವ ಉರಿ, ಕುಷ್ಠರೋಗ, ಬೆನ್ನೆಲುಬಿನ ಬಳಿ ನರ ಒತ್ತಿಕೊಳ್ಳುವುದು, ಮದ್ಯಪಾನ, ಜೀವಸತ್ವದ ಕೊರತೆ ಇವೂ ನರನೋವಿಗೆ ಕಾರಣಗಳೇ.

ಡೈಕ್ಲೋಫೆನಾಕ್‌ನಂತಹ ಸಾಮಾನ್ಯ ನೋವುನಿವಾರಕಗಳು ಊತವಿರುವ ಜಾಗದಲ್ಲಿ ಹುಟ್ಟುವ ರಾಸಾಯನಿಕಗಳನ್ನು ತಡೆಯುತ್ತವೆ. ನರನೋವಿನ ಮೂಲ ಆ ರಾಸಾಯನಿಕಗಳಲ್ಲಿ ಇಲ್ಲವಾದ್ದರಿಂದ ಎಷ್ಟು ಇಂಜೆಕ್ಷನ್ ಚುಚ್ಚಿಸಿಕೊಂಡರೂ ಫಲ ಸಿಗುವುದಿಲ್ಲ. ಫಲ ಸಿಗದಿದ್ದರೂ ಹಾನಿ ತಪ್ಪುವುದಿಲ್ಲ: ಮಧುಮೇಹದಿಂದ ಮೊದಲೇ ದುರ್ಬಲವಾದ ಮೂತ್ರಪಿಂಡಗಳಿಗೆ ಈ ಔಷಧಗಳು ಮತ್ತಷ್ಟು ಪೆಟ್ಟು ಕೊಡುತ್ತವೆ.

ಮೆಣಸಿನಕಾಯಿ ಬಿಚ್ಚಿಟ್ಟ ಗುಟ್ಟು

‘ಖಾರದ ಪುಡಿ ಬಳಿದಂತೆ’ ಎಂಬ ಆ ರೈತರ ಮಾತು ಕೇವಲ ಹೋಲಿಕೆಯಲ್ಲ. ಮೆಣಸಿನಕಾಯಿಯ ಖಾರಕ್ಕೆ ಕ್ಯಾಪ್ಸೈಸಿನ್ ಎಂಬ ವಸ್ತುವೇ ಕಾರಣ. ಅದು ಚರ್ಮಕ್ಕೆ ತಾಗಿದಾಗ ನಿಜವಾದ ಬಿಸಿಯಿಲ್ಲದಿದ್ದರೂ ಸುಟ್ಟಂತೆ ಏಕೆ ಅನಿಸುತ್ತದೆ? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ನೋವಿನ ನರಗಳ ತುದಿಯಲ್ಲಿ ಪುಟ್ಟ ಬಾಗಿಲಿನಂತಹ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದಾಗ ಅದು ತೆರೆದುಕೊಳ್ಳುತ್ತದೆ; ಕ್ಯಾಪ್ಸೈಸಿನ್ ತಾಗಿದರೂ ಅದೇ ಬಾಗಿಲೇ ತೆರೆಯುತ್ತದೆ. ಹೀಗಾಗಿ ಮಿದುಳಿಗೆ ಬೆಂಕಿಯೂ ಖಾರವೂ ಒಂದೇ ಸುದ್ದಿಯಾಗಿ ತಲುಪುತ್ತವೆ. ಸ್ಪರ್ಶವನ್ನು ಗ್ರಹಿಸುವ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಂ ಪಟಪೂಟಿಯನ್ ಅವರೊಂದಿಗೆ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಸಂದಿತು.

ಈ ಸಂಶೋಧನೆಯ ಒಂದು ಫಲ ರೋಗಿಗಳ ಹಾಸಿಗೆಯವರೆಗೂ ಬಂದಿದೆ. ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಒಮ್ಮೆ ಅಂಟಿಸಿದರೆ, ಉರಿಯನ್ನು ಸಾರುವ ನರದ ತುದಿಗಳು ಕೆಲವು ವಾರ, ತಿಂಗಳುಗಳ ಕಾಲ ಸುಮ್ಮನಾಗುತ್ತವೆ. ಸರ್ಪಸುತ್ತಿನ ನಂತರದ ನೋವಿಗೆ ಅಮೆರಿಕವು 2009ರಲ್ಲಿಯೂ, ಮಧುಮೇಹಿಗಳ ಪಾದದ ನರನೋವಿಗೆ 2020ರಲ್ಲಿಯೂ ಇದಕ್ಕೆ ಒಪ್ಪಿಗೆ ನೀಡಿತು. ಇದನ್ನು ಓದಿದ ಯಾರೂ ಅಡುಗೆಮನೆಯ ಖಾರದ ಪುಡಿಯನ್ನು ಪಾದಕ್ಕೆ ಹಚ್ಚಿಕೊಳ್ಳಬಾರದು. ಔಷಧವೆಂದರೆ ಅಳತೆ, ಅಳತೆಯಿಲ್ಲದ ಖಾರ ಸುಡುಗಾಯವನ್ನೇ ಉಂಟುಮಾಡುತ್ತದೆ.

ದುಪ್ಪಟಿ ತಾಕಿದರೂ ನೋಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಬೆನ್ನುಹುರಿಯಲ್ಲಿ ದೊರೆಯಿತು. ನೋವಿನ ಸಂಕೇತಗಳು ಎಡೆಬಿಡದೆ ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಉದ್ರಿಕ್ತಗೊಂಡು, ಸಣ್ಣ ಸ್ಪರ್ಶವನ್ನೂ ಧ್ವನಿವರ್ಧಕದಂತೆ ದೊಡ್ಡದು ಮಾಡಿ ಮಿದುಳಿಗೆ ಕಳುಹಿಸುತ್ತವೆ ಎಂದು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ತೋರಿಸಿದರು. 1988ರಲ್ಲಿ ಬೆನೆಟ್ ಮತ್ತು ಶೀ ಎಂಬ ಸಂಶೋಧಕರು ಇಲಿಯ ತೊಡೆಯ ನರಕ್ಕೆ ಸಡಿಲವಾಗಿ ದಾರ ಕಟ್ಟಿ, ಮನುಷ್ಯರ ನರನೋವನ್ನು ಹೋಲುವ ಸ್ಥಿತಿಯನ್ನು ಪ್ರಯೋಗಾಲಯದಲ್ಲಿ ಉಂಟುಮಾಡಿದರು. ಅಪಸ್ಮಾರಕ್ಕೆಂದು ತಯಾರಾಗಿದ್ದ ಗ್ಯಾಬಪೆಂಟಿನ್ ಎಂಬ ಔಷಧವು ನರಗಳ ಕ್ಯಾಲ್ಸಿಯಂ ದ್ವಾರಗಳ ಒಂದು ಭಾಗಕ್ಕೆ ಅಂಟಿಕೊಳ್ಳುತ್ತದೆಂದು 1996ರಲ್ಲಿ ಗೊತ್ತಾಯಿತು. ಗಾಯಗೊಂಡ ನರಗಳಲ್ಲಿ ಆ ಭಾಗವೇ ಹೆಚ್ಚಾಗಿರುತ್ತದೆಂಬುದೂ ಮುಂದೆ ತಿಳಿಯಿತು. ಇಂದು ನಮ್ಮ ತಾಲ್ಲೂಕುಗಳ ಔಷಧದ ಅಂಗಡಿಗಳಲ್ಲಿ ಸಿಗುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳ ಹಿಂದೆ ಇಷ್ಟು ದೀರ್ಘವಾದ ಶ್ರಮವಿದೆ.

ಇಲಿಗೆ ಗುಣವಾದದ್ದು ಮನುಷ್ಯರಿಗೆ ಆಗದೆ ಹೋದಾಗ

ಪ್ರಯೋಗಾಲಯದಿಂದ ರೋಗಿಯವರೆಗಿನ ಹಾದಿ ನೇರವಾದುದಲ್ಲ. ನೋವಿನ ಸಂದೇಶವನ್ನು ಸಾಗಿಸುವ ‘ಸಬ್‌ಸ್ಟೆನ್ಸ್ ಪಿ’ ಎಂಬ ವಸ್ತುವನ್ನು ತಡೆಯುವ ಔಷಧಗಳು ಪ್ರಾಣಿಗಳಲ್ಲಿ ಉತ್ತಮ ಫಲ ಕೊಟ್ಟವು. 1990ರ ದಶಕದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದಾಗ ನೋವು ಇಳಿಯಲಿಲ್ಲ. ಅದೇ ಬಗೆಯ ಔಷಧವೊಂದು ಮುಂದೆ ಕ್ಯಾನ್ಸರ್ ಚಿಕಿತ್ಸೆಯ ವೇಳೆ ಬರುವ ವಾಂತಿಯನ್ನು ತಡೆಯಲು ಬಳಕೆಗೆ ಬಂದಿತು.

2006ರಲ್ಲಿ ಇನ್ನೊಂದು ಆಶಾದಾಯಕ ಸುದ್ದಿ ಬಂದಿತು. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳ ಮಕ್ಕಳಿಗೆ ಹುಟ್ಟಿನಿಂದಲೇ ನೋವೆಂಬುದು ತಿಳಿಯುತ್ತಿರಲಿಲ್ಲ. ಅವರಲ್ಲಿ ಒಬ್ಬ ಬಾಲಕ ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಚೂರಿ ಚುಚ್ಚಿಕೊಂಡು ಪ್ರದರ್ಶನ ನೀಡುತ್ತಿದ್ದನು. ಹದಿನಾಲ್ಕು ತುಂಬುವ ಮುನ್ನವೇ ಮನೆಯ ಮಾಳಿಗೆಯಿಂದ ಧುಮುಕಿ ತೀರಿಕೊಂಡನು. ಆ ಕುಟುಂಬಗಳಲ್ಲಿ ನೋವಿನ ನರಗಳ ಒಂದು ಸೋಡಿಯಂ ದ್ವಾರವೇ ಕೆಲಸ ಮಾಡುತ್ತಿರಲಿಲ್ಲವೆಂದು ವಿಜ್ಞಾನಿಗಳು ಕಂಡುಕೊಂಡರು. ಆ ದ್ವಾರವನ್ನು ಮುಚ್ಚುವ ಔಷಧಗಳಿಗಾಗಿ ಜಗತ್ತಿನ ಅನೇಕ ಕಂಪನಿಗಳು ದುಡಿದರೂ ನಿರೀಕ್ಷಿಸಿದ ಫಲ ದೊರೆಯಲಿಲ್ಲ. ಅದರ ಸೋದರ ದ್ವಾರವೊಂದನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಔಷಧಕ್ಕೆ 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಆ ಒಪ್ಪಿಗೆ ಶಸ್ತ್ರಚಿಕಿತ್ಸೆಯ ನಂತರ ಬರುವಂತಹ ಅಲ್ಪಕಾಲದ ನೋವಿಗೆ ಮಾತ್ರ. ಸೊಂಟದಿಂದ ಕಾಲಿಗೆ ಇಳಿಯುವ ನರನೋವಿನ ಪ್ರಯೋಗದಲ್ಲಿ ಆ ಔಷಧ ಸೇವಿಸಿದವರಿಗೂ, ಔಷಧವಿಲ್ಲದ ಹುಸಿ ಗುಳಿಗೆ ಸೇವಿಸಿದವರಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಉಪಶಮನ ಕಂಡುಬಂದಿತು.

ಇಲಿಯು ತನ್ನ ಪಾದವನ್ನು ಎಷ್ಟು ಬೇಗ ಎಳೆದುಕೊಂಡಿತೆಂದು ಅಳೆಯಬಹುದು. ಮನುಷ್ಯರ ನೋವಿನಲ್ಲಿ ನಿದ್ರೆಯಿಲ್ಲದ ರಾತ್ರಿಗಳು, ಸಾಲದ ಚಿಂತೆ, ದುಡಿಯಲಾರೆನೆಂಬ ಅಳುಕು ಎಲ್ಲವೂ ಬೆರೆತಿರುತ್ತವೆ. ಆದ್ದರಿಂದ ‘ನರನೋವಿಗೆ ಹೊಸ ಔಷಧ ಬಂದಿದೆ’ ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ಕಂಡಾಗ ಭಕ್ತರು ಎರಡು ಪ್ರಶ್ನೆ ಕೇಳಬೇಕು: ಇದನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆಯೇ? ಹುಸಿ ಗುಳಿಗೆಯೊಂದಿಗೆ ಹೋಲಿಸಿ ನೋಡಿದ್ದಾರೆಯೇ?

ಇಂದು ನಮ್ಮ ಕೈಯಲ್ಲಿರುವ ಔಷಧಗಳು

ಹೊಸದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಈ ನಾಲ್ಕು ಔಷಧಗಳು ನರನೋವಿನ ಚಿಕಿತ್ಸೆಯ ಆಧಾರಸ್ತಂಭಗಳು. ಮೊದಲೆರಡನ್ನು ಮನಸ್ಸಿನ ಖಿನ್ನತೆಗೂ ಕೊಡುತ್ತಾರೆ. ಇದನ್ನು ಔಷಧದ ಚೀಟಿಯಲ್ಲಿ ಓದಿದ ಕೆಲವರು ‘ನಮಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ’ ಎಂದು ನೊಂದು ಬಿಟ್ಟುಬಿಡುತ್ತಾರೆ. ಅದು ತಪ್ಪು ತಿಳಿವಳಿಕೆ. ಮಿದುಳಿನಿಂದ ಬೆನ್ನುಹುರಿಗೆ ಇಳಿದು ನೋವನ್ನು ತಗ್ಗಿಸುವ ಸಹಜ ವ್ಯವಸ್ಥೆಯೊಂದು ನಮ್ಮ ದೇಹದಲ್ಲಿಯೇ ಇದೆ. ಈ ಔಷಧಗಳು ಅದಕ್ಕೆ ಬಲ ಕೊಡುತ್ತವೆ.

ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನ ಉಪಯುಕ್ತ ಉತ್ತರ ನೀಡಿದೆ. 130 ಮಂದಿ ಮಧುಮೇಹಿಗಳಿಗೆ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಇವುಗಳಲ್ಲಿ ಒಂದರಿಂದ ಚಿಕಿತ್ಸೆ ಆರಂಭಿಸಿ, ಸಾಲದಿದ್ದರೆ ಮತ್ತೊಂದನ್ನು ಜೊತೆಗೂಡಿಸಲಾಯಿತು. ಹತ್ತು ಅಂಕಗಳ ಅಳತೆಯಲ್ಲಿ ಆರಂಭದಲ್ಲಿ ಸರಾಸರಿ 6.6 ಇದ್ದ ನೋವು ಮೂರು ಮಾರ್ಗಗಳಲ್ಲಿಯೂ 3.3ಕ್ಕೆ ಇಳಿಯಿತು. ಬಡ ರೈತನಿಗೆ ಇದು ದೊಡ್ಡ ಸಮಾಧಾನದ ಸಂಗತಿ: ಹಳೆಯದೂ ಅಗ್ಗವೂ ಆದ ಅಮಿಟ್ರಿಪ್ಟಿಲಿನ್, ದುಬಾರಿ ಮಾತ್ರೆಗಳಿಗೆ ಉಪಶಮನದಲ್ಲಿ ಕಡಿಮೆಯಿಲ್ಲ.

ಆದರೆ ಯಾವ ಔಷಧ ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಹೃದ್ರೋಗ, ಕಣ್ಣಿನ ಒತ್ತಡ, ಮೂತ್ರ ಕಟ್ಟುವ ತೊಂದರೆ ಇರುವವರಿಗೂ ವಯೋವೃದ್ಧರಿಗೂ ಅಮಿಟ್ರಿಪ್ಟಿಲಿನ್ ಅಪಾಯ ತರಬಹುದು. ಪ್ರಿಗ್ಯಾಬಲಿನ್‌ನಿಂದ ತಲೆಸುತ್ತು, ಮಂಪರು, ಕಾಲೂತ ಬರಬಹುದು. ಮೂತ್ರಪಿಂಡ ಸೋತವರಿಗೆ ಅದರ ಪ್ರಮಾಣ ತಗ್ಗಿಸಬೇಕು. ಈ ಔಷಧಗಳನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು, ಗುಣ ಕಾಣಲು ಕೆಲವು ವಾರಗಳು ಬೇಕು, ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ನೋವು ಅರ್ಧದಷ್ಟು ಇಳಿದು ರಾತ್ರಿ ನಿದ್ರೆ ಬಂದರೆ ಅದನ್ನೇ ಯಶಸ್ಸೆಂದು ತಿಳಿಯಬೇಕು. ಮತ್ತೊಂದು ಮಾತನ್ನು ಒತ್ತಿ ಹೇಳುತ್ತೇವೆ: ಇವು ನೋವನ್ನು ತಗ್ಗಿಸುತ್ತವೆ, ಕೆಟ್ಟ ನರವನ್ನು ಸರಿಪಡಿಸುವುದಿಲ್ಲ. ನರದ ಹಾನಿಯನ್ನು ನಿಧಾನಗೊಳಿಸಬಲ್ಲದ್ದು ಸಕ್ಕರೆಯ ಹತೋಟಿ.

ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿ

ಪಾದದ ಉರಿಯೆಲ್ಲವೂ ಸಕ್ಕರೆಯಿಂದಲೇ ಬರುವುದಿಲ್ಲ. ನರದ ಮೇಲುಹೊದಿಕೆಯನ್ನು ಕಾಪಾಡುವ ಬಿ-12 ಜೀವಸತ್ವವು ಧಾನ್ಯ, ಕಾಳು, ಸೊಪ್ಪುಗಳಲ್ಲಿ ಇರುವುದಿಲ್ಲ. ಶ್ರೀಮಠದ ಭಕ್ತರಲ್ಲಿ ಬಹುಪಾಲು ಸಸ್ಯಾಹಾರಿಗಳಾದ್ದರಿಂದ ಅವರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಮುಖ್ಯ ಆಸರೆ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸಿದಾಗ ಕರುಳು ಈ ಜೀವಸತ್ವವನ್ನು ಹೀರಿಕೊಳ್ಳುವುದು ಕುಂದುತ್ತದೆ. ಸಸ್ಯಾಹಾರ ಮತ್ತು ಮೆಟ್‌ಫಾರ್ಮಿನ್ ಎರಡೂ ಕೂಡಿದವರು ರಕ್ತದಲ್ಲಿನ ಬಿ-12 ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಇದು ತುಂಬಿಕೊಡಬಹುದಾದ ಕೊರತೆ. ತಡಮಾಡಿದರೆ ಮಾತ್ರ ಹಾನಿ ಶಾಶ್ವತವಾಗುತ್ತದೆ. ಹಾಗೆಂದು ಅಂಗಡಿಯಲ್ಲಿ ‘ನರದ ಮಾತ್ರೆ’ ಕೇಳಿ ಪಡೆದು ವರ್ಷಗಟ್ಟಲೆ ನುಂಗುವುದೂ ಸಲ್ಲದು. ಅಂತಹ ಮಾತ್ರೆಗಳಲ್ಲಿರುವ ಬಿ-6 ಜೀವಸತ್ವವು ಅತಿಯಾದರೆ ತಾನೇ ನರಗಳನ್ನು ಕೆಡಿಸುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಲೂಬಾರದು.

ವೆಲ್ಲೂರಿನ ಪಾಠ, ಹಳ್ಳಿಯ ಪರೀಕ್ಷೆ

ನೋವು ತಿಳಿಯದಿರುವುದು ನೋವಿಗಿಂತ ದೊಡ್ಡ ವಿಪತ್ತು ಎಂಬುದನ್ನು ಜಗತ್ತಿಗೆ ತಿಳಿಸಿದ ಪಾಠ ನಮ್ಮ ನೆರೆಯ ತಮಿಳುನಾಡಿನಿಂದಲೇ ಹೊರಟಿತು. ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಡಾ. ಪಾಲ್ ಬ್ರಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ಕೊಳೆತು ಬೀಳುತ್ತವೆಂದು ಆಗ ಎಲ್ಲರೂ ನಂಬಿದ್ದರು. ಹಾಗಲ್ಲ, ನರ ಸತ್ತು ನೋವು ತಿಳಿಯದಿರುವುದರಿಂದ ಸುಟ್ಟ ಗಾಯ, ಒತ್ತಿದ ಗಾಯ ಲಕ್ಷ್ಯಕ್ಕೆ ಬಾರದೆ ಅಂಗಗಳು ನಾಶವಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದ್ದಾಗ ಇಲಿಗಳು ಬೆರಳನ್ನು ಕಚ್ಚಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಅದಕ್ಕಾಗಿ ಅವರಿಗೆ ಬೆಕ್ಕುಗಳನ್ನು ಸಾಕಲು ಕೊಟ್ಟರು. ಅವರು ಮುಂದೆ ಅಮೆರಿಕದಲ್ಲಿ ಇದೇ ಅರಿವನ್ನು ಮಧುಮೇಹಿಗಳ ಪಾದರಕ್ಷಣೆಗೆ ಅನ್ವಯಿಸಿದರು. ಇಂದು ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಹೇಳುವ ‘ಎಂಸಿಆರ್ ಚಪ್ಪಲಿ’, ಅಂದರೆ ಮೃದುವಾದ ರಬ್ಬರಿನ ಅಡಿಯಿರುವ ಪಾದರಕ್ಷೆ, ದಕ್ಷಿಣ ಭಾರತದ ಕುಷ್ಠರೋಗ ಸೇವೆಯಿಂದಲೇ ಬಂದದ್ದು.

ಪ್ರಯೋಗಾಲಯದಲ್ಲಿ ಇಲಿಯ ಪಾದಕ್ಕೆ ತಾಗಿಸುವ ತೆಳುವಾದ ಎಳೆಯ ಮಾದರಿಯದೇ ಒಂದು ನೈಲಾನ್ ಎಳೆ ಆಸ್ಪತ್ರೆಗಳಲ್ಲಿಯೂ ಇದೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು ಅಂಗಾಲಿಗೆ ತಾಗಿಸಿದಾಗ ತಿಳಿಯದಿದ್ದರೆ, ಆ ಪಾದ ಅಪಾಯದಲ್ಲಿದೆಯೆಂದು ಅರ್ಥ. ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆ ಮಾಡುವಂತೆ ಮಧುಮೇಹಿಗಳು ತಮ್ಮ ವೈದ್ಯರನ್ನು ಕೇಳಬೇಕು.

ಆ ಎಳೆಯೂ ಇಲ್ಲದಿದ್ದರೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬ್ರಿಟನ್ನಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಪಿಸಿ 2011ರಲ್ಲಿ ಪ್ರಕಟಿಸಿದ ಈ ಕ್ರಮ ನೈಲಾನ್ ಎಳೆಯ ಪರೀಕ್ಷೆಗೆ ಹತ್ತಿರದ ಫಲಿತಾಂಶ ಕೊಡುತ್ತದೆ. ಹಿರಿಯರನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಬೇಕು. ಮಗನೋ ಸೊಸೆಯೋ ಮೊಮ್ಮಗಳೋ ತಮ್ಮ ತೋರುಬೆರಳಿನ ತುದಿಯಿಂದ ಎರಡು ಪಾದಗಳ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು, ಮತ್ತೆ ಮತ್ತೆ ಮುಟ್ಟಬಾರದು. ಮುಟ್ಟಿದ್ದು ತಿಳಿದಾಗ ಹಿರಿಯರು ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಒಂದು ಕಾಸಿನ ಖರ್ಚಿಲ್ಲ. ನಾವು ಹೇಳಿದ ರೈತರ ಮನೆಯಲ್ಲಿ ಜಾತ್ರೆಗೆ ಮುನ್ನ ಯಾರಾದರೂ ಇದನ್ನು ಮಾಡಿದ್ದರೆ ಆ ಬೆರಳು ಉಳಿಯುತ್ತಿತ್ತೆಂದು ನಮಗೆ ಅನಿಸುತ್ತದೆ. ಮೊದಲ ಭೇಟಿಯಲ್ಲಿ ನಾವು ಅವರ ಉರಿಗೆ ಔಷಧ ಬರೆದೆವು. ಉರಿ ನಿಂತರೂ ಬರಬೇಕೆಂದು ಮನೆಯವರಿಗೆ ಬಿಡಿಸಿ ಹೇಳಲಿಲ್ಲ. ಆ ಕೊರತೆ ನಮ್ಮದು. ಅದನ್ನು ತುಂಬಿಕೊಳ್ಳುವ ಪ್ರಯತ್ನವೂ ಈ ಲೇಖನವೇ.

ಸಂಶೋಧನೆಯಲ್ಲಿ ಭಾಗಿಗಳಾಗುವುದು

ಮೇಲೆ ಹೇಳಿದ ತಿಳಿವಳಿಕೆಯಲ್ಲಿ ಹೆಚ್ಚಿನದು ಹೊರದೇಶದ ರೋಗಿಗಳಿಂದ ಬಂದದ್ದು. ನಮ್ಮ ಆಹಾರ, ನಮ್ಮ ದುಡಿಮೆ, ನಮ್ಮ ಬರಿಗಾಲಿನ ಬದುಕು ಬೇರೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನಿಲ್ಲುವವರ ಪಾದವನ್ನು ತಿಳಿಯಲು ಅವರನ್ನೇ ಕೇಳಬೇಕು. ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರುವಿರಾ ಎಂದು ಕೇಳಿದರೆ ಹೆದರಬೇಕಾಗಿಲ್ಲ. ಕಣ್ಣು ಮುಚ್ಚಿ ಸಹಿ ಹಾಕಲೂಬಾರದು. ಉದ್ದೇಶ, ಲಾಭ, ಅಪಾಯಗಳನ್ನು ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಬೇಡವೆನ್ನುವ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ನಿಮಗಿದೆ. ಅದರಿಂದ ನಿಮ್ಮ ಚಿಕಿತ್ಸೆಗೆ ಕುಂದು ಬರಬಾರದು. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು 2009ರಿಂದ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ನೋಂದಣಿಯಾಗಿದೆಯೇ, ನೀತಿ ಸಮಿತಿ ಒಪ್ಪಿದೆಯೇ ಎಂದು ಕೇಳಬಹುದು. ಎಲ್ಲವೂ ಸರಿಯಿದ್ದು ಮನಸ್ಸು ಒಪ್ಪಿದರೆ, ಮುಂದಿನವರಿಗಾಗಿ ತನ್ನ ಅನುಭವವನ್ನು ಕೊಡುವುದೂ ಒಂದು ದಾಸೋಹವೇ.

ಬರಿಗಾಲಿನ ಭಕ್ತಿಗೆ ಪಾದದ ಕಾಪು

ನಂಜನಗೂಡಿನ ದೊಡ್ಡ ಜಾತ್ರೆ ಬರುವುದು ಬಿಸಿಲು ಏರುವ ಕಾಲದಲ್ಲಿ. ಮುಡುಕುತೊರೆಯ ಬೆಟ್ಟವನ್ನು ಬರಿಗಾಲಿನಲ್ಲಿ ಏರುವವರೂ ಅನೇಕರು. ಭಕ್ತಿಯನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಪಾದವನ್ನು ಉಳಿಸಿಕೊಳ್ಳುವ ಕ್ರಮ ಹೀಗಿದೆ:

• ಪಾದದ ಸ್ಪರ್ಶ ಕುಂದಿದವರು ಪ್ರದಕ್ಷಿಣೆಯನ್ನು ಮುಂಜಾನೆಯ ತಂಪಿನಲ್ಲಿ ಮುಗಿಸಬೇಕು. ಕಲ್ಲು ಕಾದಿದೆಯೇ ಎಂಬುದನ್ನು ಪಾದದಿಂದ ಅಲ್ಲ, ಮುಂಗೈಯಿಂದ ಮುಟ್ಟಿ ತಿಳಿಯಬೇಕು. ಅವಕಾಶವಿರುವೆಡೆ ಹತ್ತಿಯ ಕಾಲುಚೀಲ ಧರಿಸಬೇಕು.

• ಗದ್ದೆಗೆ, ಕಬ್ಬಿನ ಕೂಳೆಯ ನಡುವೆ ಬರಿಗಾಲಿನಲ್ಲಿ ಹೋಗಬಾರದು. ಚಪ್ಪಲಿ, ಬೂಟುಗಳನ್ನು ಕೊಡವಿ, ಒಳಗೆ ಕೈಯಾಡಿಸಿ ನೋಡಿಯೇ ತೊಡಬೇಕು.

• ಉರಿ ತಣಿಸಲೆಂದು ಬಿಸಿನೀರಿನಲ್ಲಿ ಪಾದವಿಡುವುದು, ಕಾದ ಇಟ್ಟಿಗೆಯಿಂದ ಶಾಖ ಕೊಡುವುದು ಬೇಡ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ಅಥವಾ ಮನೆಯವರಿಂದ ನೋಡಿಸಿಕೊಳ್ಳಬೇಕು.

• ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು. ಬೊಬ್ಬೆ, ಗಾಯ, ಬಣ್ಣ ಬದಲಾದ ಚರ್ಮ ಕಂಡರೆ, ನೋವಿಲ್ಲದಿದ್ದರೂ, ಮರುದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

• ಸರ್ಪಸುತ್ತಿನ ಗುಳ್ಳೆ ಎದ್ದ 72 ಗಂಟೆಗಳ ಒಳಗೆ ವೈರಾಣು ತಡೆಯುವ ಔಷಧ ಆರಂಭಿಸುವುದು ಒಳ್ಳೆಯದು. ಗುಳ್ಳೆಯ ಮೇಲೆ ಕೆಮ್ಮಣ್ಣು ಬಳಿದು ಕಾಯುತ್ತಾ ಕೂತರೆ ಆ ಸಮಯ ಮೀರಿಹೋಗುತ್ತದೆ.

• ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಸೊಂಟನೋವಿನೊಂದಿಗೆ ಮಲಮೂತ್ರದ ಹತೋಟಿ ತಪ್ಪಿದರೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು.

ಲಿಂಗಪೂಜೆಗೆ ಮುನ್ನ ನಾವೆಲ್ಲರೂ ಕಾಲು ತೊಳೆಯುತ್ತೇವೆ. ಆಗ ಎರಡು ನಿಮಿಷ ಹೆಚ್ಚು ತೆಗೆದುಕೊಂಡು, ಅಂಗಾಲನ್ನೂ ಬೆರಳ ಸಂದುಗಳನ್ನೂ ಕಣ್ಣಾರೆ ನೋಡಿ, ಒರೆಸಿ ಒಣಗಿಸಿದರೆ ಅದೇ ದಿನನಿತ್ಯದ ಪಾದಪರೀಕ್ಷೆಯಾಗುತ್ತದೆ. ಬಗ್ಗಲಾರದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು. ಕಣ್ಣು ಮಂಜಾದವರಿಗೆ ಮಕ್ಕಳು ನೋಡಿ ಹೇಳಬೇಕು. ಕಾಯಕವನ್ನು ನಂಬಿದ ಪರಂಪರೆ ನಮ್ಮದು. ಕಾಯಕಕ್ಕೆ ಒಯ್ಯುವ ಪಾದವನ್ನು ಕಾಯುವುದು ಅದಕ್ಕೆ ಹೊರತಾದುದಲ್ಲ.

ತಿರುಮಕೂಡಲಿನಲ್ಲಿ ಕಾವೇರಿ ಮತ್ತು ಕಪಿಲೆ ಕಣ್ಣಿಗೆ ಕಾಣುವಂತೆ ಕೂಡುತ್ತವೆ. ಸ್ಫಟಿಕ ಸರೋವರ ಗುಪ್ತವಾಗಿ ಬಂದು ಸೇರುತ್ತದೆಂಬುದು ನಂಬಿಕೆ. ನರನೋವಿನ ಚಿಕಿತ್ಸೆಯಲ್ಲಿ ಪ್ರಯೋಗಾಲಯವೂ ಆಸ್ಪತ್ರೆಯೂ ಎಲ್ಲರಿಗೂ ಕಾಣುವ ಎರಡು ಹೊಳೆಗಳು. ರಾತ್ರಿ ದೀಪದ ಬೆಳಕಿನಲ್ಲಿ ಅಪ್ಪನ ಅಂಗಾಲನ್ನು ನೋಡುವ ಮಗನ, ಅತ್ತೆಯ ಬೆರಳನ್ನು ಮುಟ್ಟಿ ‘ತಿಳೀತಾ ಅತ್ತೆ?’ ಎಂದು ಕೇಳುವ ಸೊಸೆಯ ಆರೈಕೆ ಯಾರಿಗೂ ಕಾಣದ ಮೂರನೆಯದು. ಅದೂ ಬಂದು ಕೂಡಿದಾಗಲೇ ಸಂಗಮ ಪೂರ್ಣವಾಗುತ್ತದೆ. ಈ ಲೇಖನವನ್ನು ಓದಿದ ಭಕ್ತರು ಇಂದು ಸಂಜೆಯೇ ಮನೆಯ ಹಿರಿಯರ ಆರು ಬೆರಳುಗಳನ್ನು ಒಮ್ಮೆ ಮುಟ್ಟಿ ನೋಡಬೇಕೆಂದು ಪ್ರಾರ್ಥಿಸುತ್ತೇವೆ.